ಗೋಡೆಯೊಳಗಿನ ತೇವ

ಕೆಂಪು ಪೆನ್ಸಿಲು ತನ್ನ ನಕ್ಷೆಯ ಮೇಲೆ ಅಡ್ಡಗೆರೆ ಎಳೆದಾಗ ಭವ್ಯಶ್ರೀ ಎಳೆದವನ ಮುಖ ನೋಡಲಿಲ್ಲ. ಕೈ ನೋಡಿದಳು. ನಡುಗದ, ಅವಸರವಿಲ್ಲದ ಕೈ.

"ಈ ಗ್ವಾಡಿ ಎರಡು ಚಳಿಗಾಲಕ್ಕ ಕೊಳೀತೈತ್ರಿ," ಎಂದ ಆ ಕೈಯ ಒಡೆಯ.

ಮೀಟಿಂಗ್ ರೂಮಿನಲ್ಲಿ ಎಂಟು ಜನರಿದ್ದರು. ಎಲ್ಲರ ಕಣ್ಣೂ ಅವಳ ಮೇಲೆ. ಏಳು ವರ್ಷ... ಅಬುಧಾಬಿಗೆ ಬಂದು ಏಳು ವರ್ಷಗಳಲ್ಲಿ ಅವಳು ಬರೆದ ಗೋಡೆಗೆ ಯಾರೂ ಹೀಗೆ ಗೆರೆ ಎಳೆದಿರಲಿಲ್ಲ.

"ಆವಿ ತಡೆಯುವ ಹಾಳೆ ಹೊರಗಡೆಯೇ ಬರುವುದು," ಎಂದಳು. ದನಿ ತಾನೆಣಿಸಿದ್ದಕ್ಕಿಂತ ಗಡುಸಾಗಿತ್ತು. "ನಾನು ಯಾವಾಗಲೂ ಹಾಗೇ ಹಾಕಿದ್ದು. ಒಂದು ಗೋಡೆಯೂ ಕೊಳೆತದ್ದು ಕಾಣೆ."

"ಅಬುಧಾಬಿಯೊಳಗ ಕೊಳಿಯಂಗಿಲ್ರಿ. ಇಲ್ಲಿ ಬಿಸಿ ಹೊರಗ, ತಂಪು ಒಳಗ. ತೇವ ಹೊರಗಿಂದ ಬರ್ತೈತಿ, ಅದಕ್ಕ ಹಾಳಿ ಹೊರಗ. ಹಿಮದ ಊರಾಗ ಎಲ್ಲಾ ಉಲ್ಟಾ. ಅಲ್ಲಿ ತೇವ ಒಳಗಿಂದ ಹೊರಡ್ತೈತಿ. ಮನಿ ಮಂದಿ ಉಸಿರು, ಅಡಗಿ ಉಗಿ, ಒಣಹಾಕಿದ ಅರಬಿ-ಬಟ್ಟಿ... ಎಲ್ಲಾ ಗ್ವಾಡಿಯೊಳಗ ಹೊಕ್ಕು ಅಲ್ಲೇ ಹೆಪ್ಪುಗಟ್ತೈತಿ. ಹೊರಗಿಂದ ನೋಡಿದ್ರ ಚೆಂದ ಕಾಣ್ತಿರ್ತೈತಿ. ಒಳಗ ಕಟಗಿ ಮೆತ್ತಗಾಗಿರ್ತೈತಿ."

ಆಗ ಅವಳು ಮುಖ ನೋಡಿದಳು. ಮೂವತ್ತರ ಆಸುಪಾಸು. ಬಿಸಿಲಿಗೋ ಚಳಿಗೋ ಒಡೆದಂತಿದ್ದ ಕೆನ್ನೆ. ಗೆದ್ದೆನೆಂಬ ಭಾವ ಎಲ್ಲೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಮ್ಯಾನೇಜರ್ ಮುಹಿಯುದ್ದೀನ್ ನಡುವೆ ಬಾಯಿ ಹಾಕಿದರು. ಮಂಗಳೂರಿನವರು, ಗಲ್ಫಿನಲ್ಲೇ ತಲೆ ನರೆತವರು. "ಬಿಡು ಭವ್ಯಾ, ಹಿಮ ನಮಗೆಲ್ಲಿ ಗೊತ್ತುಂಟು? ನಾನು ನೋಡಿದ್ದು ಫ್ರಿಜ್ಜಿನ ಒಳಗೆ ಮಾತ್ರ. ಇವರು ಅಭಿಜೀತ. ಗದಗದವರು. ಲಡಾಖಿನಲ್ಲಿ ನಾಲ್ಕು ಚಳಿಗಾಲ ಮನೆ ಕಟ್ಟಿದವರು. ಇನ್ನು ಈ ಕೆಲಸ ಇವರ ಸಹಿಯಲ್ಲೇ ಹೋಗುವುದು."

ಅದು ಎರಡು ಸಾವಿರದ ಹದಿನೈದರ ನವೆಂಬರ್ ತಿಂಗಳ ಮೊದಲ ವಾರ. ಅಲ್ ರೀಮ್ ಐಲ್ಯಾಂಡಿನ ಕಟ್ಟಡವೊಂದರ ಇಪ್ಪತ್ತೆರಡನೇ ಮಹಡಿಯ ಆ ವಿನ್ಯಾಸದ ಆಫೀಸಿಗೆ ವಿಚಿತ್ರವಾದ ಕೆಲಸವೊಂದು ಬಂದಿತ್ತು. ಅಬುಧಾಬಿಯ ಶ್ರೀಮಂತರೊಬ್ಬರಿಗೆ ಜಾರ್ಜಿಯಾ ದೇಶದ ಹಿಮದ ಬೆಟ್ಟದ ಮೇಲೆ ಹನ್ನೆರಡು ಮನೆಗಳು ಬೇಕಿದ್ದವು. ಎ, ಬಿ, ಸಿ ಎಂದು ಮೂರು ಬಗೆ. ಬಗೆಗೆ ನಾಲ್ಕು.

ಮೀಟಿಂಗ್ ಮುಗಿದ ಮೇಲೆ ಮುಹಿಯುದ್ದೀನ್ ಅಭಿಜೀತನಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು: "ಆರು ತಿಂಗಳು ಪ್ರೊಬೇಷನ್ ಉಂಟು, ನೆನಪಿರಲಿ. ಈ ಕೆಲಸದಲ್ಲಿ ನಿಮ್ಮ ಸಹಿ ಇದ್ದದ್ದು ಒಂದು ತಪ್ಪಿದರೆ ಮೇಲಿನವರು ಖಲಾಸ್ ಅಂತಾರೆ. ನಾನು ಹೇಳಿದರೂ ಕೇಳುವುದಿಲ್ಲ."

*

ಸಿಟ್ಟು ಎಷ್ಟು ದಿನ ನಿಂತೀತು?

ಅವನು ಯಾರ ಎದುರೂ ಅವಳನ್ನು ಚಿಕ್ಕದು ಮಾಡಲಿಲ್ಲ. ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ತಾಳ್ಮೆಯಿಂದ ಹೇಳಿಕೊಡುತ್ತಿದ್ದ.

"ಬಾಗಿಲಾ ಚಾವಣಿ ಇಳಿಜಾರಿನ ಕೆಳಗ ಇಟ್ಟೀರಲ್ಲ, ಯಾಕ್ರಿ?"

"ನಮ್ಮ ಉಡುಪಿ ಕಡೆ ಹಾಗೇ ಇಡುದು. ಮಾಡಿನ ನೀರು ಅಂಗಳಕ್ಕೆ ಬೀಳ್ತದೆ."

"ನಿಮ್ಮಲ್ಲಿ ನೀರು ಬೀಳ್ತೈತಿ. ಅಲ್ಲಿ ಗುಡ್ಡಾನ ಬೀಳ್ತೈತಿ. ಮುಂಜಾನೆ ಬಾಗಿಲಾ ತೆಗೀಲಿಕ್ಕೆ ಹೋದ್ರ ಎದಿಮಟ ಹಿಮ. ಮನಿಯವ್ರು ಕಿಟಕ್ಯಾಗಿಂದ ಹಾರಬೇಕು."

ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ ತಾನು ಸಿಟ್ಟಿನಲ್ಲಿರಬೇಕಿತ್ತು ಎಂಬುದು ನೆನಪಾಯಿತು.

ಡಿಸೆಂಬರಿನಲ್ಲಿ ಆಫೀಸಿನವರೆಲ್ಲ ದುಬೈಯ ಮಾಲ್ ಒಂದರೊಳಗಿನ ಕೃತಕ ಹಿಮದ ಅಂಗಳಕ್ಕೆ ಹೋದರು. ಬಾಡಿಗೆಯ ದಪ್ಪ ಕೋಟಿನೊಳಗೆ ಮುಹಿಯುದ್ದೀನ್ ಹತ್ತಿಯ ಮೂಟೆಯಂತೆ ಉರುಳಾಡುತ್ತಿದ್ದರು. ಅಭಿಜೀತ ಒಂದು ಹಿಡಿ ಹಿಮ ತೆಗೆದು ಭವ್ಯಶ್ರೀಗೆ ಹೇಳಿದ:

"ಕೈಗವಸು ತೆಗೀರಿ. ಚಳಿ ಅನ್ನೂದು ಮೊದಲು ಕೈಗೆ ತಿಳೀಬೇಕು. ಆಮ್ಯಾಲೆ ನಕ್ಷಾಕ್ಕ."

ಅಂಗೈ ಮೇಲೆ ಹಿಮ. ಅದರ ಕೆಳಗೆ, ಅದು ಜಾರದಂತೆ ಹಿಡಿದ ಅವನ ಅಂಗೈ. ಹಿಮ ಕರಗಿತು... ಕೈ ಮಾತ್ರ ಒಂದು ಗಳಿಗೆ ಹೆಚ್ಚಾಗಿಯೇ ಅಲ್ಲಿತ್ತು.

"ಅಂಥಾ ಊರಾಗ ಮನಿಗೆ ಎರಡು ಬಾಗಿಲಾ," ಎಂದ ಅವನು, ಬೇರೆಲ್ಲೋ ನೋಡುತ್ತ. "ಮೊದಲನೇದು ದಾಟಿ ಒಳಗ ಬಂದು, ಅದನ್ನ ಹಾಕ್ಕೊಂಡು, ಆಮ್ಯಾಲೆ ಎರಡನೇದು ತೆರೀಬೇಕು. ನಡುವ ಒಂದು ಸಣ್ಣ ಖೋಲಿ."

"ಆ ಖೋಲಿಯಲ್ಲಿ ಎಷ್ಟು ಹೊತ್ತು ನಿಲ್ಲುದು?"

"ಮೈಮ್ಯಾಲಿನ ಹಿಮ ಝಾಡಿಸಿಕೊಳ್ಳೂ ತನಕ."

ಆ ಸಂಜೆ ಮನೆಗೆ ಬಂದಾಗ ರೂಮ್‌ಮೇಟ್ ಜೂಡಿತ್ ಅವಳ ಮುಖ ನೋಡಿಯೇ ಹೇಳಿದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು. ನಾಡಿ ಹಿಡಿಯದೆಯೂ ಜ್ವರ ಹೇಳಬಲ್ಲವಳು.

"ಹಿಮ ನೋಡಿ ಬಂದದ್ದಾ, ಇಲ್ಲ ಬೆಂಕಿ ಕಾಯಿಸಿಕೊಂಡು ಬಂದದ್ದಾ ನೀನು?"

*

ಗುರುವಾರಗಳು ಶುರುವಾದದ್ದು ಜನವರಿಯಲ್ಲಿ.

ಗುರುವಾರ ವಾರದ ಕೊನೆಯ ಕೆಲಸದ ದಿನ. ಸರಿಯಾಗಿ ಸಂಜೆ ನಾಲ್ಕಕ್ಕೆ ಅಭಿಜೀತನ ಫೋನ್ ಮೇಜಿನ ಮೇಲೆ ನಡುಗುತ್ತಿತ್ತು. ಪರದೆಯ ಮೇಲೆ ಒಂದೇ ಹೆಸರು: ಮಾಧುರಿ. ಅವನು ಮಾತಿನ ನಡುವೆಯೇ ಎದ್ದು, ಒಂದು ಪುಟ್ಟ ಪುಸ್ತಕ ತೆಗೆದುಕೊಂಡು, ಮೆಟ್ಟಿಲ ಕಡೆ ಹೋಗಿಬಿಡುತ್ತಿದ್ದ. ಇಪ್ಪತ್ತು ನಿಮಿಷ. ಕೆಲವೊಮ್ಮೆ ಮೂವತ್ತು.

ಭವ್ಯಶ್ರೀ ಎಣಿಸುತ್ತಿದ್ದಳು. ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದಳು.

ಬರಬರುತ್ತ ಗುರುವಾರ ಮಾತ್ರ ಕಣ್ಣಿಗೆ ಕಾಡಿಗೆ ಹಚ್ಚತೊಡಗಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಬೇಕೆಂದೇ ನಕ್ಷೆ ಹಿಡಿದು ಅವನ ಮೇಜಿಗೆ ಹೋಗಿ, ಮುಗಿಯದ ಪ್ರಶ್ನೆಗಳನ್ನು ಕೇಳುವಳು. ಅವನು ಎಲ್ಲಕ್ಕೂ ಉತ್ತರಿಸುತ್ತಿದ್ದ. ನಾಲ್ಕಾದರೆ ಏಳುತ್ತಿದ್ದ.

'ಅವಳ ದನಿ ಹೇಗಿರಬಹುದು? ನಗುವಾಗ ಇವನನ್ನು ಏನೆಂದು ಕರೆಯುತ್ತಾಳೆ?'

ಊರಿನಲ್ಲಿ ಅಜ್ಜ ಕೊರಗಪ್ಪ ಸಂಜೆ ದೀಪದ ಮುಂದೆ ಹಾಡಿ ಓದುತ್ತಿದ್ದ ಪದ್ಯಗಳಲ್ಲಿ ಮತ್ಸರ ಬರುತ್ತಿದ್ದುದು ರಾಣಿಯರಿಗೆ. ಅವರು ಒಡವೆ ಕಿತ್ತೆಸೆದು, ತಲೆಗೂದಲು ಬಿಚ್ಚಿ, ನೆಲದ ಮೇಲೆ ಮಲಗುತ್ತಿದ್ದರು. ಅಜ್ಜನ ದನಿ ಆಗ ಎಷ್ಟು ಇಂಪಾಗಿರುತ್ತಿತ್ತು! ಕಂಪ್ಯೂಟರಿನ ಮುಂದೆ ಕೂತು, ತಣ್ಣಗಾದ ಚಹಾ ಕುಡಿಯುತ್ತ, ಯಾರಿಗೂ ತೋರಿಸಲಾಗದೆ ಪಡುವ ಮತ್ಸರದ ಬಗ್ಗೆ ಯಾವ ಪದ್ಯವೂ ಇರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಅವನ ಪುಟ್ಟ ಪುಸ್ತಕ ಮೇಜಿನ ಮೇಲೆ ತೆರೆದೇ ಉಳಿದಿತ್ತು. ನೋಡಬಾರದಿತ್ತು. ನೋಡಿದಳು.

ಒಂದು ಸಣ್ಣ ಮನೆಯ ನಕ್ಷೆ. ಅವನ ಚಂದದ ಅಕ್ಷರ: 'ಮಾಧುರಿ, ಮಲಗುವ ಖೋಲಿ.' ಅದರ ಪಕ್ಕದಲ್ಲಿ: 'ತೊಟ್ಟಿಲು ಈ ಗ್ವಾಡಿಗೆ ಬ್ಯಾಡ.'

ತೊಟ್ಟಿಲು...

ಕಾಲ ಕೆಳಗಿನ ಇಪ್ಪತ್ತೆರಡು ಮಹಡಿಗಳೂ ಒಮ್ಮೆಲೇ ಇಲ್ಲವಾದಂತಾಯಿತು.

"ಯಾರ ಮನೆ ಇದು?" ಅವನು ಬಂದಾಗ ಕೇಳಿಯೇ ಬಿಟ್ಟಳು. ನಗುತ್ತ ಕೇಳಬೇಕೆಂದಿದ್ದಳು, ನಗು ಬರಲಿಲ್ಲ.

ಅಭಿಜೀತನ ಮುಖ ಒಮ್ಮೆ ಕೆಂಪಾಯಿತು. ಪುಸ್ತಕ ಮುಚ್ಚಿದ. "ಒಬ್ಬರದು. ಅದೊಂದು ಕೇಳಬ್ಯಾಡ್ರಿ, ಭವ್ಯಶ್ರೀ ಅವರ. ಹೇಳಾಕ ಬರಂಗಿಲ್ಲ."

"ಇಲ್ಲ, ಸುಮ್ಮನೆ ಕೇಳಿದ್ದು. ನನಗೆಂತಕ್ಕೆ?"

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಕಾಡಿಗೆ ತೊಳೆದಳು.

*

ಏಪ್ರಿಲಿನ ಕೊನೆಯ ಗುರುವಾರ. ಹನ್ನೆರಡು ಮನೆಗಳ ನಕ್ಷೆಗಳು ಜಾರ್ಜಿಯಾದ ಕಾರ್ಖಾನೆಗೆ ಹೋಗಬೇಕಿದ್ದ ದಿನ. ಸೋಮವಾರ ಬೆಳಿಗ್ಗೆ ಅಲ್ಲಿ ಮರದ ಗೋಡೆಗಳನ್ನು ಜೋಡಿಸಲು ಶುರುಮಾಡುತ್ತಿದ್ದರು. ಅಭಿಜೀತನ ಪ್ರೊಬೇಷನ್ ಮುಗಿಯಲು ಆರೇ ದಿನ ಉಳಿದಿತ್ತು.

ನಾಲ್ಕಕ್ಕೆ ಒಂದು ನಿಮಿಷವಿರುವಾಗ ಅವನು ಕೊನೆಯ ಹಾಳೆಗೆ ಸಹಿ ಮಾಡಿದ. "ಸ್ಕ್ಯಾನ್ ಮಾಡಿ ಕಳಿಸಿಬಿಡ್ರಿ," ಎಂದ. ಫೋನ್ ನಡುಗಿತು. ಎದ್ದು ಹೋದ.

ಸ್ಕ್ಯಾನರಿನ ಮೇಲೆ ಸಿ ಮನೆಯ ಗೋಡೆಯ ಹಾಳೆ ಇಡುವಾಗ ಅವಳ ಕಣ್ಣು ಅದರ ಮೇಲೆ ನಿಂತಿತು.

ಆವಿ ತಡೆಯುವ ಹಾಳೆ ಹೊರಗಿತ್ತು.

ಅವಳೇ ಮಾಡಿದ್ದು. ಹಳೆಯ ಅಬುಧಾಬಿ ಫೈಲಿನ ಗೋಡೆ, ಏಳು ವರ್ಷದ ಕೈರೂಢಿ, ಕಾಪಿ ಮಾಡುವಾಗ ಹಾಗೇ ಬಂದುಬಿಟ್ಟಿತ್ತು. ಅವಸರದಲ್ಲಿ ಅವನೂ ನೋಡಿರಲಿಲ್ಲ. ಕೆಳಗೆ ಅವನ ಸಹಿ, ಶಾಯಿ ಇನ್ನೂ ಹಸಿ.

ಹಾಳೆ ಹಿಡಿದು ಮೆಟ್ಟಿಲ ಬಾಗಿಲಿಗೆ ಓಡಿದಳು. ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಆಗ ಕೇಳಿಸಿತು...

ಅವನು ನಗುತ್ತಿದ್ದ. ಆಫೀಸಿನಲ್ಲಿ ಎಂದೂ ನಗದ ನಗು. ನಾಚಿಕೆ ಬೆರೆತ, ಸಣ್ಣ ಹುಡುಗನಂಥ ನಗು. "ಸುಮ್ನಿರ ಮಾಧುರಿ, ಕಾಡಬ್ಯಾಡ," ಎನ್ನುತ್ತಿದ್ದ.

ಭವ್ಯಶ್ರೀ ಹಿಡಿಕೆಯ ಮೇಲಿನ ಕೈ ತೆಗೆದಳು.

ತಿರುಗಿ ಬಂದಳು. ಹಾಳೆಯನ್ನು ಸ್ಕ್ಯಾನರಿನ ಮೇಲಿಟ್ಟಳು. ಬೆಳಕು ಅದರ ಕೆಳಗೆ ಸರಿದುಹೋಯಿತು. ಕಳಿಸುವ ಗುಂಡಿ ಒತ್ತಿದಳು.

'ಸಹಿ ಅವನದು,' ಎಂದಿತು ಮನಸ್ಸು.

*

ಮರುದಿನ ಶುಕ್ರವಾರ. ರಜೆ. ಗಲ್ಫಿನ ಚರ್ಚುಗಳಲ್ಲಿ ಭಾನುವಾರದ ಪೂಜೆಯೂ ಶುಕ್ರವಾರವೇ ನಡೆಯುವುದು. ಜೂಡಿತ್ ಕೊಂಕಣಿ ಪೂಜೆಗೆ ಹೊರಟವಳು ಇವಳನ್ನು ಹಾಸಿಗೆಯಿಂದ ಎಳೆದಳು.

"ಎಂತದಾ ನಿನ್ನ ಮುಖ, ಹಳಸಿದ ಗಂಜಿ ಹಾಗೆ? ಬಾ, ನನ್ನೊಟ್ಟಿಗೆ ಸುಮ್ಮನೆ ಕೂತುಕೋ. ಪ್ರಾರ್ಥನೆ ಬೇಡದಿದ್ದರೆ ಬೇಡ, ಎಸಿ ಆದರೂ ಉಂಟು."

ಹಿಂದಿನ ಬೆಂಚಿನಲ್ಲಿ ಕೂತಳು. ಮುಂದೆ ಒಬ್ಬ ಮುದುಕರು ಗ್ರಂಥ ಓದುತ್ತಿದ್ದರು. ನಡುವೆ ಒಂದು ಸಾಲು ತಪ್ಪಿತು. ಕೇಳುತ್ತಿದ್ದವರಲ್ಲಿ ಬಹುಶಃ ಯಾರಿಗೂ ತಿಳಿಯಲಿಲ್ಲ. ಆದರೆ ಮುದುಕರು ನಿಲ್ಲಿಸಿದರು. ತಲೆ ತುಸು ಬಾಗಿಸಿ, ಆ ಭಾಗವನ್ನು ಮೊದಲಿಂದ ಮತ್ತೆ ಓದಿದರು.

ಭವ್ಯಶ್ರೀ ಬೆಂಚಿನಲ್ಲಿ ನೆಟ್ಟಗೆ ಕೂತಳು.

ಅಜ್ಜನೂ ಹಾಗೆಯೇ ಮಾಡುತ್ತಿದ್ದ. ಓದುವಾಗ ಒಂದು ಪದ ತಪ್ಪಿದರೂ ದೀಪಕ್ಕೆ ಕೈಮುಗಿದು ಪದ್ಯವನ್ನು ಮೊದಲಿಂದ ಹಿಡಿಯುತ್ತಿದ್ದ. "ಯಾರೂ ಕೇಳಲಿಲ್ಲ ಅಜ್ಜ, ಮುಂದೆ ಓದು," ಎಂದು ಅವಳು ನಿದ್ದೆಗಣ್ಣಲ್ಲಿ ಗೊಣಗಿದರೆ, "ನಾನು ಕೇಳಿದೆನಲ್ಲ ಮಗಾ," ಎನ್ನುತ್ತಿದ್ದ.

ಪೂಜೆ ಮುಗಿದು ಹೊರಬಂದಾಗ ಜೂಡಿತ್‌ಗೆ ಎಲ್ಲವನ್ನೂ ಹೇಳಿದಳು.

"ನಮ್ಮಲ್ಲಿ ಪಾದ್ರಿಗಳ ಹತ್ತಿರ ಹೇಳ್ತೇವೆ," ಎಂದಳು ಜೂಡಿತ್. "ನೀನು ಯಾರ ಹತ್ತಿರ ಹೇಳ್ತಿ?"

"ಅಭಿಜೀತರ ಹತ್ತಿರವೇ."

"ಅವರು ಉಗಿದರೆ?"

"ಉಗಿಯಲಿ."

*

ಅಭಿಜೀತನಿದ್ದದ್ದು ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ. ಬಸ್ಸಿನಲ್ಲಿ ಎರಡು ಗಂಟೆ. ಮಧ್ಯಾಹ್ನ ಮೂರಕ್ಕೆ ಅವಳು ಫೋನ್ ಮಾಡಿದಾಗ ಅವನು ನಂಬದವನಂತೆ ಕೆಳಗಿಳಿದು ಬಂದ. ಕಟ್ಟಡದ ಕೆಳಗಿನ ಕೆಫೆಟೀರಿಯಾದಲ್ಲಿ ಎರಡು ಚಹಾ ಹೇಳಿದ.

"ಏನಾತ್ರಿ? ಆರಾಮ ಅದೀರಿಲ್ಲೋ?"

"ಸಿ ಮನೆಯ ಗೋಡೆ ತಪ್ಪಿ ಹೋಗಿದೆ," ಎಂದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತಿತ್ತು. "ಆವಿಯ ಹಾಳೆ ಹೊರಗೆ ಬಿದ್ದಿದೆ. ನಾನೇ ಮಾಡಿದ್ದು. ಅದು ಕಣ್ತಪ್ಪು. ಆದರೆ ನೀವು ಸಹಿ ಮಾಡಿದ ಮೇಲೆ ನಾನು ನೋಡಿದೆ. ನೋಡಿಯೂ ಕಳಿಸಿದೆ. ಅದು ಕಣ್ತಪ್ಪಲ್ಲ."

ಅವನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ಯಾಕ?"

ಅವಳು ತಲೆ ತಗ್ಗಿಸಿದಳು.

"ನಾಲ್ಕು ಗಂಟೆಯಾಗಿತ್ತು."

ಅವನಿಗೆ ಅರ್ಥವಾಗಲು ಕೆಲವು ಗಳಿಗೆ ಬೇಕಾಯಿತು. ಆದಾಗ ಅವನು ಎದ್ದು ನಿಂತ.

"ನಾಕು ಮನಿ," ಎಂದ ಮೆಲ್ಲಗೆ. "ನನ್ನ ಕೆಲಸ ಹೋದ್ರ ಇನ್ನೊಂದು ಸಿಗ್ತೈತಿ. ಆ ನಾಕು ಮನ್ಯಾಗ ಮಕ್ಕಳು ಮಲಗೋರು, ಭವ್ಯಶ್ರೀ ಅವರ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವನು ಹಿಂದೆ ನೋಡದೆ ಕಟ್ಟಡದೊಳಗೆ ಹೋದ.

ಚಹಾದ ಮೇಲೆ ಕೆನೆ ಕಟ್ಟಿತು. 'ಮುಗಿಯಿತು' ಎಂದುಕೊಂಡಳು. ಕಣ್ಣೀರು ಕಪ್ಪಿನ ಪಕ್ಕ ಮೇಜಿನ ಮೇಲೆ ಬಿತ್ತು.

ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ ಸದ್ದಾಯಿತು.

"ಅಳೂದು ಆಮ್ಯಾಲೆ ಅಳ್ರಿ," ಎಂದ ಅಭಿಜೀತ, ಕುರ್ಚಿ ಎಳೆದು ಪಕ್ಕದಲ್ಲಿ ಕೂತು. "ಮೊದಲು ಗ್ವಾಡಿ ಸರಿ ಮಾಡೋಣು. ಸೋಮವಾರದ ತನಕ ಯಾರೂ ಕಟಗಿ ಮುಟ್ಟಂಗಿಲ್ಲ."

ಒಂದೂವರೆ ಗಂಟೆ ಕೆಲಸ ನಡೆಯಿತು. ಅವಳು ಗೆರೆಗಳನ್ನು ತಿದ್ದಿದಳು, ಅವನು ಒಂದೊಂದನ್ನೂ ಎರಡೆರಡು ಸಲ ನೋಡಿದ. ಕೊನೆಗೆ ಮುಹಿಯುದ್ದೀನರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಸರ್, ಸಿ ಮನಿ ನಕ್ಷಾದಾಗ ನಂದೊಂದು ತಪ್ಪು..."

"ಅವರದ್ದಲ್ಲ, ನನ್ನದು," ಎಂದಳು ಭವ್ಯಶ್ರೀ ಫೋನಿಗೆ ಬಾಗಿ. "ಗೊತ್ತಿದ್ದೇ ಕಳಿಸಿದೆ. ನಿನ್ನೆಯೇ ಹೇಳಬೇಕಿತ್ತು."

ಆ ಕಡೆ ತಟ್ಟೆಗಳ ಸದ್ದು.

"ಭವ್ಯಾ," ಎಂದರು ಮುಹಿಯುದ್ದೀನ್. ದನಿಯಲ್ಲಿ ತಮಾಷೆ ಇರಲಿಲ್ಲ. "ಏಳು ವರ್ಷದಲ್ಲಿ ನಿನಗೆ ನಾನು ವಾರ್ನಿಂಗ್ ಬರೆದದ್ದಿಲ್ಲ. ಭಾನುವಾರ ಬರೆಯುತ್ತೇನೆ. ಸಿಟ್ಟು ಮಾಡಬೇಡ."

"ಇಲ್ಲ ಸರ್. ಬರೆಯಿರಿ."

"ಸರಿ ಮಾಡಿದ್ದನ್ನು ಈಗಲೇ ಕಳಿಸಿ. ಕಾರ್ಖಾನೆಗೆ ನಾನೇ ಮಾತಾಡ್ತೇನೆ." ಮತ್ತೆ ಕೇಳಿದರು, "ಅಲ್ಲ, ಶುಕ್ರವಾರ ನೀವಿಬ್ಬರು ಒಟ್ಟಿಗೆ ಎಂತ ಮಾಡ್ತಿದ್ದೀರಿ?"

"ಗ್ವಾಡಿ ಸರಿ ಮಾಡಾಕತ್ತೀವ್ರಿ."

"ಮಾಡಿ, ಮಾಡಿ. ನನ್ನ ಬಿರಿಯಾನಿ ಆರ್ತಾ ಉಂಟು. ಯಲ್ಲಾ, ಇಡ್ತೇನೆ."

*

ಬಿಸಿಲು ಕಟ್ಟಡಗಳ ಹಿಂದೆ ಇಳಿದಿತ್ತು. ಹೋಗಲೆಂದು ಅವಳು ಬ್ಯಾಗು ತೆಗೆದುಕೊಂಡಳು.

"ಕೂಡ್ರಿ," ಎಂದ ಅವನು. "ನಿಮ್ಮದು ಹೇಳಿದ್ರಿ. ನನ್ನದು ಕೇಳಿ ಹೋಗ್ರಿ."

ಅವಳು ಕೂತಳು.

"ಮಾಧುರಿ ಜೋಡಿ ಉಂಗುರ ಬದಲಾಗಿ ಮದುವಿ ಗೊತ್ತಾಗಿತ್ತು ನನಗ, ನಾಕು ವರ್ಷದ ಹಿಂದ. ಆಕಿಗೆ ಕೆನಡಾದ ವರ ಬಂದ. ಬಿಟ್ಟು ಹೋದಳು. ಈಗ ಊರಿಗೆಲ್ಲಾ ದೊಡ್ಡ ಮನಿ ಫೋಟೋ ಕಳಿಸ್ಯಾಳ. ಆ ಮನಿ ಬ್ಯಾರೆಯವರದು. ಇವರು ಇರೂದು ಅದರ ನೆಲಮಾಳಗಿಯೊಳಗ. ಗ್ವಾಡಿ ತೇವ ಕುಡಿದು ಕರ್ರಗ ಬೂಸ್ಟು ಹಿಡದೈತಿ. ಕೂಸು ದಿನಾ ಕೆಮ್ಮತೈತಿ. ಗಂಡ ಮಾತು ಹಚ್ಚಿಕೊಳ್ಳಂಗಿಲ್ಲ. ಗ್ವಾಡಿ ತಿಳಿದವ ಆಕಿಗೆ ಗೊತ್ತಿರಾಂವ ನಾ ಒಬ್ಬನ. ಅಲ್ಲಿ ಮುಂಜಾನೆ ಗಂಡ ಏಳೂ ಮುಂಚೆ ಫೋನ್ ಮಾಡ್ತಾಳ. ತೊಟ್ಟಿಲಾ ಎಲ್ಲಿಡ್ಲಿ, ಯಾವ ಕಿಟಕಿ ತೆಗೀಲಿ ಅಂತ. ಕನ್ನಡದವರ ಮುಂದ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ಲು."

"ಮತ್ತೆ ಈಗ ನನಗೆ..."

"ನಿನ್ನೆ ಕೇಳಿಕೊಂಡೆ. ಒಬ್ಬರಿಗೆ ಹೇಳಲಿಕ್ಕೇ ಬೇಕು, ಮನಸ್ಸಿನ್ಯಾಗ ಇಟ್ಕೊಳ್ಳಾಕ ಆಗವಲ್ದು ಅಂದೆ. ಯಾರು ಆ ಒಬ್ಬರು, ಹೆಸರು ಹೇಳು, ಹೆಸರು ಹೇಳು ಅಂತ ಕಾಡಿದ್ಲು." ಅವನು ಕುತ್ತಿಗೆ ಕೆರೆದುಕೊಂಡ. "ನಾ ನಕ್ಕೆ."

ಆ ನಗು! ಬಾಗಿಲ ಹಿಡಿಕೆಯ ಮೇಲಿನ ತನ್ನ ಕೈ ಅವಳಿಗೆ ನೆನಪಾಯಿತು. ಬಾಗಿಲಿನಾಚೆ ಇದ್ದುದು ತನ್ನದೇ ಹೆಸರಾಗಿತ್ತು...

ಆದರೂ ಹೃದಯ ಎಂಬುದು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

"ಅವಳೆಂದರೆ ಇಷ್ಟ ಇತ್ತಾ ನಿಮಗೆ?"

"ಹೂಂ. ಇತ್ತು. ಹೋದ ಮ್ಯಾಲೂ ಎರಡು ವರ್ಷ ಇತ್ತು."

"ಒಂದು ಸಣ್ಣ ಸುಳ್ಳು ಹೇಳಬಹುದಿತ್ತಲ್ಲ."

"ಹಾಳಿ ಮತ್ತ ತಪ್ಪು ಬದಿಗೆ ಹಾಕಿದಂಗ ಆಕ್ಕಿತ್ತು."

ಅವಳಿಗೆ ಅಳುವಿನೊಳಗೇ ನಗು ಬಂತು. ಅವನು ಎರಡೂ ಕಪ್ಪಿನ ಆರಿದ ಚಹಾ ಚೆಲ್ಲಿ ಬಂದು ಬಿಸಿಯದು ಇಟ್ಟ. ಎರಡು ಕಪ್ಪುಗಳ ಹಬೆ ನಡುವೆ ಎದ್ದಿತು.

"ಮುಂದಿನ ಗುರುವಾರ ಅವಳ ಫೋನ್ ಬರ್ತದಲ್ಲ?" ಎಂದಳು.

"ಬರ್ತೈತಿ. ಕೂಸಿನ ಕೆಮ್ಮು ಇನ್ನೂ ನಿಂತಿಲ್ಲ. ಬಾಜೂಕ ಕೂತು ಕೇಳ್ರಿ."

"ನನಗೆ ಹೊಟ್ಟೆ ಉರೀತದೆ. ಈಗಲೇ ಹೇಳಿಬಿಡ್ತೇನೆ. ಎಲ್ಲ ಗೊತ್ತಾದ ಮೇಲೂ ಉರೀತದೆ."

"ಉರೀಲಿ. ಉರಿಯೂದನ್ನ ಹಿಂಗ ಬಾಯಿಬಿಟ್ಟು ಹೇಳ್ರಿ. ಗ್ವಾಡಿಯೊಳಗ ಇಟ್ಕೋಬ್ಯಾಡ್ರಿ."

ಮೇಜಿನ ಮೇಲಿದ್ದ ಅವನ ಅಂಗೈ ಮೇಲ್ಮುಖವಾಗಿತ್ತು, ಅಂದು ಹಿಮ ಹಿಡಿದಿದ್ದ ಹಾಗೆ. ಅವಳು ಅದನ್ನು ನೋಡಿದಳು. ಈ ಸಲ ನಡುವೆ ಕರಗಲು ಏನೂ ಇರಲಿಲ್ಲ. ತನ್ನ ಕೈಯನ್ನು ಅದರೊಳಗೆ ಇಟ್ಟಳು.

"ಎರಡು ಬಾಗಿಲ ನಡುವಿನ ಆ ಸಣ್ಣ ಖೋಲಿಯಲ್ಲಿ ನಾನು ತುಂಬ ಹೊತ್ತು ನಿಂತೆ, ಅಲ್ವಾ?"

"ನಾನೂ ಒಳಗಿಂದ ಕದ ಹಿಡಕೊಂಡು ಅಷ್ಟ ಹೊತ್ತು ನಿಂತಿದ್ದೆ," ಎಂದ ಅಭಿಜೀತ. "ಹಿಮ ಝಾಡಿಸಿಕೊಂಡ್ರಿಲ್ಲೋ? ಬರ್ರಿ ಒಳಗ."